ಭತ್ತದ ಕೊಪ್ಪರಿಗೆಯಲ್ಲಿ ಹತ್ತು ಟರ್ಕಿ

ಆ ಬಚ್ಚಲುಮನೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚು ಇತ್ತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅದರಿಂದ ಇಳಿಯುವ ಬಿಸಿಲಿನ ಕೋಲು ಹಂಡೆಯ ಹಬೆಯಲ್ಲಿ ಅಲುಗದೆ ನಿಂತುಬಿಡುತ್ತಿತ್ತು. ಆ ಬೆಳಕಿನೊಳಗೆ ಟರ್ಕಿಯ ಒಂದು ಪುಕ್ಕ, ಇಳಿಯಬೇಕೋ ಏರಬೇಕೋ ತೀರ್ಮಾನಿಸಲಾಗದೆ ಬಹಳ ಹೊತ್ತು ತೇಲುತ್ತಿತ್ತು. ನಾನು ಕೆಲಸ ಮರೆತು ಅದನ್ನೇ ನೋಡುತ್ತಿದ್ದೆ.

ಶಿರ್ವದ ಆ ಮನೆಯಲ್ಲಿ ನಾನು ಆರು ವಾರ ಕಳೆದೆ. ಹತ್ತು ಕಿಲೋ ತೂಗುವ ಹಕ್ಕಿಯನ್ನು ಒಬ್ಬ ಹೆಂಗಸು ತನ್ನ ಮನೆಯ ಹಿತ್ತಲಿನಲ್ಲೇ, ಕೈಗೆಟುಕುವ ಬೆಲೆಯ ಸಲಕರಣೆಯಿಂದ, ಕೈ ಸುಟ್ಟುಕೊಳ್ಳದೆ ಕೊಂದು ಶುಚಿಮಾಡುವಂತಾಗಬೇಕು ಎಂಬುದು ಹಳ್ಳಿಯ ಹೆಂಗಸರಿಗೆ ಸಲಕರಣೆ ಮಾಡಿಕೊಡುವ ಸಣ್ಣ ಸಂಸ್ಥೆಯೊಂದರ ಪರವಾಗಿ ನಾನು ವಹಿಸಿಕೊಂಡ ಕೆಲಸ. ಕೊಂದು ಎಂದೇ ಬರೆಯುತ್ತೇನೆ. ನಮ್ಮ ವರದಿಗಳಲ್ಲಿ ಅದಕ್ಕೆ ‘ಸಂಸ್ಕರಣೆ’ ಎಂಬ ಮೆತ್ತನೆಯ ಪದವಿದೆ. ಆ ಪದದ ಹಿಂದೆ ಹಕ್ಕಿಯೂ ಕಾಣುವುದಿಲ್ಲ, ಅದನ್ನು ಹಿಡಿದ ಕೈಯೂ ಕಾಣುವುದಿಲ್ಲ. ನಾನು ಕಲಿತ ಶಾಲೆಯಲ್ಲಿ, ತಪ್ಪು ಕಂಡರೆ ಅದರ ಹೆಸರು ಹೇಳಿ ಕರೆಯಬೇಕು ಎಂದು ಕಲಿಸಿದ್ದರು. ಅದಕ್ಕಾಗಿಯೇ ಒಂದು ಟಿಪ್ಪಣಿ ಪುಸ್ತಕ ನನ್ನ ಚೀಲದಲ್ಲಿ ಸದಾ ಇರುತ್ತದೆ.

ಆ ಮನೆಯ ಅಕ್ಕನನ್ನು ಮೊದಲು ಕಂಡದ್ದು ಕಾಪುವಿನ ಒಂದು ಕೋಳಿ ಅಂಗಡಿಯ ಹಿಂಭಾಗದಲ್ಲಿ. ಊರವರೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅಂಗಡಿಯ ಮುಂಭಾಗಕ್ಕೆ ಕಡಲ ಗಾಳಿ ಬರುತ್ತಿತ್ತು, ಹಿಂಭಾಗಕ್ಕೆ ಕುದಿನೀರಿನ ಹಬೆ ಮಾತ್ರ. ಅಕ್ಕ ನೀಲಿ ಪ್ಲಾಸ್ಟಿಕ್ ಏಪ್ರನ್ ಕಟ್ಟಿಕೊಂಡು, ಬಗ್ಗಿ, ಡ್ರಮ್ಮಿನಿಂದ ಕೋಳಿಗಳನ್ನು ಬರಿಗೈಯಲ್ಲಿ ಎತ್ತುತ್ತಿದ್ದರು. ನಾನು ಬರೆದುಕೊಂಡೆ: ಕೈಗವಸು ಇಲ್ಲ. ಒದ್ದೆ ನೆಲದಲ್ಲಿ ಬರಿಗಾಲು. ಕೂರಲು ಒಂದು ಮಣೆಯೂ ಇಲ್ಲ. ಹನ್ನೊಂದು ವರ್ಷ ದುಡಿದವರನ್ನು ಇನ್ನೂ ‘ಸಹಾಯಕ್ಕೆ ಬರುವವರು’ ಎನ್ನುವುದು. ಕೋಳಿಯ ರುಚಿಯನ್ನು ಹೊಗಳುವವರು ಅದರ ಪುಕ್ಕ ಕಿತ್ತವರಿಂದ ಒಂದು ಮಾರು ದೂರ ನಿಲ್ಲುವುದು. ಅಂಗಡಿಯ ಯಜಮಾನರು ಕೆಟ್ಟ ಮನುಷ್ಯರಲ್ಲ. ನನಗೆ ಕುಡಿಯಲು ಬೊಂಡ ತರಿಸಿಕೊಟ್ಟರು. ಒಳ್ಳೆಯವರ ಅಂಗಡಿಯಲ್ಲಿದ್ದರೂ ತಪ್ಪು ತಪ್ಪೇ.

ಅಕ್ಕನ ಮನೆಯಲ್ಲಿ ಹನ್ನೆರಡು ಗಂಡು ಟರ್ಕಿಗಳಿದ್ದವು. ಅವನ್ನು ಜೀವಂತವಾಗಿಯೇ ದಲ್ಲಾಳಿಗೆ ಕೊಡುತ್ತಿದ್ದರು.

“ಮನೆಯಲ್ಲೇ ಶುಚಿಮಾಡಿ ಮಾರಬಹುದಲ್ಲ?” ಎಂದು ಕೇಳಿದೆ.

“ಅದಕ್ಕೆ ಒಂದು ಆನೆ ಸಾಕಬೇಕು ಮೇಡಂ,” ಎಂದರು ಅಕ್ಕ, ಕೈ ನಿಲ್ಲಿಸದೆ. “ಹಕ್ಕಿ ಎತ್ತಲಿಕ್ಕೆ.”

ನಾನು ನಕ್ಕೆ. ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ತಮಾಷೆಯೆಂದುಕೊಂಡೆ.

ಮುಂದಿನ ವಾರ ಶಿರ್ವದಲ್ಲಿ ಹಕ್ಕಿ ಸಾಕುವ ಹೆಂಗಸರ ಸಭೆ ಕರೆದೆವು. ಚಾಪೆ, ಚಹಾ, ಹಾಜರಿ ಪುಸ್ತಕ, ಗೋಡೆಗೆ ಅಂಟಿಸಿದ ದೊಡ್ಡ ಕಾಗದ. ನಾನು ಶುದ್ಧವಾದ ಕನ್ನಡದಲ್ಲಿ, ಪ್ರತಿಯೊಬ್ಬರ ಕಡೆಗೂ ತಿರುಗಿ, ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು ಎಂದು ಕೇಳಿದೆ. ಒಬ್ಬೊಬ್ಬರಾಗಿ ಎದ್ದು ನಿಂತು ಉತ್ತರ ಕೊಟ್ಟರು. “ಪುಕ್ಕ ತೆಗೆಯುವುದು ಕಷ್ಟವಾಗುತ್ತದೆ.” “ಪುಕ್ಕ ತೆಗೆಯಲು ಬಹಳ ಸಮಯ ಬೇಕಾಗುತ್ತದೆ.” ಅಕ್ಕನೂ ಹಾಗೆಯೇ ಹೇಳಿ ಸೆರಗು ಸರಿಮಾಡಿಕೊಂಡು ಕುಳಿತರು. ಹಾಳೆಯ ಮೇಲೆ ‘ಪುಕ್ಕ’ ಎಂದು ಬರೆದು ಅದರ ಸುತ್ತ ವೃತ್ತ ಎಳೆದೆ. ಆ ವೃತ್ತದೊಳಗೆ ನಾನು ಐದು ವಾರ ಸಿಕ್ಕಿಕೊಂಡಿದ್ದೆ.

ಅದೇ ಸಮಯಕ್ಕೆ ಅಕ್ಕನಿಗೆ ಒಂದು ಬೇಡಿಕೆ ಬಂತು. ಅಲ್ಲಿಯೇ ಹತ್ತಿರದ ದೊಡ್ಡ ಮನೆಯೊಂದರಲ್ಲಿ ಮಗಳ ಮದುವೆ. ಮದುಮಗಳ ತಾಯಿಯನ್ನು ಎಲ್ಲರೂ ಬಾಯಮ್ಮ ಎನ್ನುತ್ತಿದ್ದರು. ಮದುವೆಯ ಊಟಕ್ಕೆ ಇಡಿಯಾಗಿ ಹುರಿದ ಹತ್ತು ಟರ್ಕಿಗಳನ್ನು ಮೇಜಿನ ಮೇಲೆ ಇಡಬೇಕೆಂಬುದು ಅವರ ಆಸೆ.

“ಹತ್ತು ಬೇಕು, ಚರ್ಮ ಒಂದು ಕಡೆಯೂ ಹರಿದಿರಬಾರದು,” ಎಂದರು ಬಾಯಮ್ಮ. “ಫೋಟೋ ತೆಗೆಯುವವರು ಬರ್ತಾರೆ. ಹರಿದದ್ದನ್ನು ಮೇಜಿನಲ್ಲಿಟ್ಟರೆ ನಮ್ಮ ಬೀಗರು ಕೇಕಿಗಿಂತ ಮೊದಲು ಅದನ್ನೇ ನೋಡುದು.”

ಅಂಗಡಿಯ ಕೆಲಸ ಬಿಟ್ಟು ಇದನ್ನು ಒಪ್ಪಿಕೊಳ್ಳಿ, ಯಂತ್ರ ನಾವು ಮಾಡಿಕೊಡುತ್ತೇವೆ ಎಂದು ಅಕ್ಕನನ್ನು ಒಪ್ಪಿಸಿದವಳು ನಾನು. ಅವರು ಒಂದು ದಿನ ಯೋಚಿಸಿ ಬಿಟ್ಟರು. ಯಜಮಾನರು ಕೋಪಿಸಿಕೊಳ್ಳಲಿಲ್ಲ. “ಮದುವೆ ಮುಗಿಯುವವರೆಗೆ ನಿನ್ನ ಜಾಗ ಯಾರಿಗೂ ಕೊಡುದಿಲ್ಲ,” ಎಂದರಂತೆ. “ಆಮೇಲೆ ನನ್ನನ್ನು ದೂರಬೇಡ.” ಅಕ್ಕ ಅಂಗಡಿಯ ಆ ನೀಲಿ ಏಪ್ರನ್ನನ್ನು ಒಗೆದು, ನಾಲ್ಕು ಮಡಿಕೆ ಮಡಚಿ, ತಮ್ಮ ಬಚ್ಚಲುಮನೆಯ ಮೊಳೆಗೆ ತೂಗುಹಾಕಿದರು. ನಾನು ಅಲ್ಲಿಗೆ ಹೋದಾಗಲೆಲ್ಲ ಅದು ಅಲ್ಲೇ ಇರುತ್ತಿತ್ತು.

ಯಂತ್ರದ ಕೆಲಸ ಮಣಿಪಾಲದಲ್ಲಿ, ನಮ್ಮ ಸಣ್ಣ ಸಂಸ್ಥೆಯ ಹಿಂದಿನ ತಗಡಿನ ಚಪ್ಪರದಲ್ಲಿ ಆರಂಭವಾಯಿತು. ಪೇಟೆಯಲ್ಲಿ ಸಿಗುವ ಪುಕ್ಕ ತೆಗೆಯುವ ಯಂತ್ರಗಳೆಲ್ಲ ಎರಡು ಕಿಲೋ ತೂಗುವ ಅಂಗಡಿಕೋಳಿಗೆ ಮಾಡಿದವು. ಟರ್ಕಿಗೆ ಆಗುವಂಥದು ತರಿಸಿದರೆ ಒಂದು ಸ್ಕೂಟರಿನ ಬೆಲೆ. ಅವುಗಳ ಮಾಹಿತಿಪತ್ರದಲ್ಲಿ ಯಂತ್ರದ ಪಕ್ಕ ನಿಂತವರೆಲ್ಲ ಗಂಡಸರು. ಹೆಂಗಸಿನ ಚಿತ್ರವಿದ್ದದ್ದು ಕೊನೆಯ ಪುಟದಲ್ಲಿ, ಬೇಯಿಸಿದ ಕೋಳಿಯ ತಟ್ಟೆ ಹಿಡಿದುಕೊಂಡು. ಅದನ್ನೂ ಬರೆದುಕೊಂಡೆ.

ಶಿರ್ವದಲ್ಲಿ ಕೊಲ್ಲಿ ದೇಶಗಳಲ್ಲಿ ದುಡಿಯುವವರ ಮನೆಗಳ ಜಗಲಿಗಳಲ್ಲಿ ಹಳೆಯ ವಾಷಿಂಗ್ ಮೆಷಿನ್‌ಗಳಿಗೆ ಬರವಿಲ್ಲ. ಒಂದನ್ನು ಕೇಳಿ ತಂದೆವು. ಅದರ ಸ್ಟೀಲಿನ ಡ್ರಮ್ಮಿಗೆ ತೂತು ಕೊರೆದು, ಒಳಮುಖವಾಗಿ ರಬ್ಬರಿನ ಬೆರಳುಗಳನ್ನು ಕೂರಿಸಿದರೆ, ತಿರುಗುವಾಗ ಅವು ಬಿಸಿನೀರಿನಲ್ಲಿ ಅದ್ದಿದ ಹಕ್ಕಿಯ ಪುಕ್ಕವನ್ನು ಕಿತ್ತು ಹಾಕುತ್ತವೆ. ಮೊದಲು ಬೆರಳುಗಳನ್ನು ಹಳೆಯ ಟಯರಿನಿಂದ ಕತ್ತರಿಸಿದೆವು. ಒಂದು ಊರಕೋಳಿಯನ್ನು ಹಾಕಿ ನೋಡಿದರೆ ಮೈತುಂಬ ಕಪ್ಪು ಗೆರೆ, ಬಸ್ ನಿಲ್ದಾಣದ ವಾಸನೆ. ತಿನ್ನುವ ವಸ್ತುವಿಗೆ ತಾಗುವ ರಬ್ಬರು ಬೇರೆಯೇ ಇರಬೇಕೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಗ್ಗಕ್ಕೆ ಆಸೆಪಟ್ಟೆ. ಅದು ನನ್ನ ತಪ್ಪು. ಸರಿಯಾದ ಬೆರಳುಗಳನ್ನು ತರಿಸಿಕೊಂಡೆವು.

ಹಕ್ಕಿಯನ್ನು ತಲೆಕೆಳಗಾಗಿ ಇಳಿಸುವ ತಗಡಿನ ಆಲಿಕೆಯನ್ನು ಕಾರ್ಕಳದಲ್ಲಿ ಮಾಡಿಸಿದೆ. ಬರಿ ಕೈಯಲ್ಲಿ ಹಿಡಿದು ಕುತ್ತಿಗೆ ಕೊಯ್ದರೆ ದೊಡ್ಡ ಹಕ್ಕಿ ರೆಕ್ಕೆ ಬಡಿದು ತನ್ನ ಮೂಳೆಯನ್ನೂ ಹಿಡಿದವರ ಮಣಿಕಟ್ಟನ್ನೂ ಮುರಿಯುತ್ತದೆ. ಆಲಿಕೆಯೊಳಗೆ ರೆಕ್ಕೆಗಳು ಮೈಗೆ ಒತ್ತಿಕೊಂಡು, ತಲೆ ಮಾತ್ರ ಕೆಳಗಿನ ತೂತಿನಿಂದ ಹೊರಬರುತ್ತದೆ; ಹಕ್ಕಿ ಶಾಂತವಾಗುತ್ತದೆ. ಬೋಳು ಬಂಡೆಯ ನೆರಳು ಮಧ್ಯಾಹ್ನ ಮೂರಕ್ಕೆ ಬಾಗಿಲಿಗೆ ಬಂದು ಕೂರುವ ಆ ಅಂಗಡಿಯಲ್ಲಿ, ತಗಡಿನ ಕೆಲಸದ ವೃದ್ಧರು ನನ್ನ ನಕಾಶೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದು ಯಾವ ಎಣ್ಣೆಗೆ ಮೇಡಂ, ಇಷ್ಟು ದೊಡ್ಡ ಆಲಿಕೆ?”

“ಎಣ್ಣೆಗಲ್ಲ, ಟರ್ಕಿಗೆ.”

“ಹಾಗಾದರೆ ಅಳತೆ ಯಾರದ್ದು?”

“ಪುಸ್ತಕದಲ್ಲಿ ಇರುವುದು.”

“ಪುಸ್ತಕದ ಟರ್ಕಿಗೆ ಬೇಕಾದರೆ ಈಗಲೇ ಮಾಡಿಕೊಡ್ತೇನೆ,” ಎಂದರು ಅವರು. “ಶಿರ್ವದ ಟರ್ಕಿಗೆ ಬೇಕಾದರೆ ಅದನ್ನೇ ಕರ್ಕೊಂಡು ಬನ್ನಿ. ಅಂಗಿ ಹೊಲಿಯುವವನು ಕಾಗದಕ್ಕೆ ಟೇಪು ಹಿಡಿಯುದುಂಟಾ?”

ನಾನು ಕೇಳಲಿಲ್ಲ, ನಕಾಶೆಯಂತೆಯೇ ಮಾಡಿಸಿದೆ. ಹಕ್ಕಿಯ ಭುಜ ಅದರಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿತು. ಎರಡನೆಯ ಸಲ ಒಂದು ಟರ್ಕಿಯನ್ನು ಅಕ್ಕಿಯ ಗೋಣಿಯಲ್ಲಿ, ತಲೆ ಹೊರಗಿಟ್ಟು, ರಿಕ್ಷಾದಲ್ಲಿ ಕಾರ್ಕಳಕ್ಕೆ ಕರೆದೊಯ್ದೆ. ದಾರಿಯುದ್ದಕ್ಕೂ ಅದು ಒಂದು ಸದ್ದೂ ಮಾಡದೆ ಗದ್ದೆ, ಶಾಲೆ, ಚರ್ಚು, ಬಂಡೆಗಳು ಹಿಂದಕ್ಕೆ ಸರಿಯುವುದನ್ನು ನೋಡುತ್ತಿತ್ತು. ವೃದ್ಧರು ಅದರ ಎದೆಗೆ ದಾರ ಸುತ್ತಿ ಅಳತೆ ತೆಗೆದರು. ಮೇಲಿನ ಬಾಯಿ ಒಂದು ಅಡಿ, ಕೆಳಗಿನದು ಐದು ಅಂಗುಲ, ಉದ್ದ ಎರಡು ಅಡಿಗೆ ಸ್ವಲ್ಪ ಕಡಿಮೆ. ಅಂಚು ಹಕ್ಕಿಗೂ ಕೈಗೂ ತಾಗದಂತೆ ಒಳಗೆ ತಂತಿಯಿಟ್ಟು ಮಡಚಿದರು. ಆಲಿಕೆ ಸರಿಯಾಯಿತು.

ಯಂತ್ರ ಸರಿಯಾಗಲಿಲ್ಲ.

ಮೊದಲ ಪರೀಕ್ಷೆಯ ದಿನ ನೀರು ಕಾಯಿಸಿದ್ದು ಬಚ್ಚಲಿನ ತಾಮ್ರದ ಹಂಡೆಯಲ್ಲಿ. ಅದರ ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಟರ್ಕಿಯ ಕುತ್ತಿಗೆ ಇಳಿಯಿತು, ಎದೆ ಇಳಿಯಲಿಲ್ಲ. ತಂಬಿಗೆಯಿಂದ ಮೇಲೆ ಸುರಿದೆವು. ಮೈಯ ಒಂದು ಕಡೆ ಬೆಂದು, ಇನ್ನೊಂದು ಕಡೆ ಬಿಸಿ ತಾಗದೇ ಉಳಿಯಿತು. ಅಕ್ಕ ಹಕ್ಕಿಯನ್ನು ತಬ್ಬಿಕೊಂಡು ಎತ್ತಿ ಡ್ರಮ್ಮಿಗೆ ಹಾಕಿದರು. ಗುಂಡಿ ಒತ್ತಿದೊಡನೆ ಗುಡುಗಿನಂಥ ಸದ್ದು. ಅರ್ಧ ನಿಮಿಷದಲ್ಲಿ ನಿಲ್ಲಿಸಿದಾಗ ಎರಡೂ ರೆಕ್ಕೆ ಮುರಿದಿದ್ದವು.

ಎರಡನೆಯ ಪರೀಕ್ಷೆಗೆ ಅಗಲವಾದ ತಗಡಿನ ಟಬ್ಬನ್ನು ಒಲೆಯ ಮೇಲಿಟ್ಟೆವು. ಅರುವತ್ತಮೂರು ಡಿಗ್ರಿಗೆ ಕೆಂಪು ಗೆರೆ ಹಾಕಿದ ಥರ್ಮಾಮೀಟರನ್ನು ಅದರ ಅಂಚಿಗೆ ಸಿಕ್ಕಿಸಿದೆ. ಮೋಟರಿನ ಬೆಲ್ಟು ಬದಲಿಸಿ ಡ್ರಮ್ಮಿನ ವೇಗ ತಗ್ಗಿಸಿದೆ. ಅಕ್ಕನ ಅತ್ತೆಯವರು, ಎಪ್ಪತ್ತು ದಾಟಿದವರು, ನೀರಿಗೆ ಬೆರಳು ಅದ್ದಲು ಹೊರಟಾಗ ನಾನು ತಡೆದೆ. ಸುಡುವ ನೀರಿಗೆ ಕೈ ಹಾಕುವುದು ಅಪಾಯಕಾರಿ ಪದ್ಧತಿ ಎಂದು ವಿವರಿಸಿದೆ. ಅವರು ವಿನಯದಿಂದ ಕೈ ಹಿಂದಕ್ಕೆ ತೆಗೆದುಕೊಂಡರು. ಈ ಸಲ ರೆಕ್ಕೆ ಉಳಿಯಿತು. ಆದರೆ ಎದೆಯ ಚರ್ಮ ಅಂಗಿಯ ಗುಂಡಿ ಬಿಚ್ಚಿದಂತೆ ಉದ್ದಕ್ಕೂ ಹರಿದುಬಂತು.

“ಬಾಯಿಗೆ ಎಂತ ತೊಂದರೆ ಇಲ್ಲ,” ಎಂದರು ಅತ್ತೆಯವರು, ನನ್ನ ಮುಖ ನೋಡಿ. “ಕಣ್ಣಿಗೆ ಮಾತ್ರ.”

ಮದುವೆಗೆ ಬೇಕಾದದ್ದು ಕಣ್ಣಿಗೆ. ಹನ್ನೆರಡರಲ್ಲಿ ಎರಡು ಹೋದವು, ಉಳಿದದ್ದು ಹತ್ತು. ಬೇಕಾದದ್ದೂ ಹತ್ತು. ಇನ್ನು ಪರೀಕ್ಷೆಗೆ ಒಂದು ಹಕ್ಕಿಯೂ ಇರಲಿಲ್ಲ, ಮದುವೆಗೆ ಆರು ದಿನ. ಅಕ್ಕ ಹರಿದ ಹಕ್ಕಿಯನ್ನು ಎತ್ತಿಕೊಂಡು ಹೋಗುವಾಗ ಬಾಗಿಲಲ್ಲಿ ಒಂದು ಕ್ಷಣ ನಿಂತು ಮೊಳೆಯ ಕಡೆ ನೋಡಿದರು. ಏಪ್ರನ್ನಿನ ಮೇಲೆ ಬೂದಿ ಕುಳಿತಿತ್ತು. ಅದನ್ನು ಕೊಡವಿ ಮತ್ತೆ ತೂಗುಹಾಕಿದರು.

ಆ ಮಧ್ಯಾಹ್ನ ನಾನು ಅವರ ಬಾವಿಕಟ್ಟೆಯ ಮೇಲೆ ಕುಳಿತಿದ್ದೆ. ಊಟದ ನಂತರದ ಆ ಹೊತ್ತಿನಲ್ಲಿ ಊರಿಗೆ ಊರೇ ನೀರಿನಡಿ ಮುಳುಗಿದಂತೆ ಇರುತ್ತದೆ. ತೆಂಗಿನ ನೆರಳುಗಳು ಅಂಗಳದಲ್ಲಿ ಮೆಲ್ಲಗೆ ಜಾಗ ಬದಲಿಸುತ್ತವೆ, ಎಲ್ಲೋ ಒಂದು ರೇಡಿಯೋ ಯಾರಿಗೂ ಅಲ್ಲದೆ ಹಾಡುತ್ತದೆ. ಹತ್ತು ಟರ್ಕಿಗಳು ಹಲಸಿನ ಬುಡದಲ್ಲಿ, ಎಂಥದೋ ಸಭೆಗೆ ಬಂದ ಹಿರಿಯರಂತೆ, ಕತ್ತು ಒಳಗೆಳೆದುಕೊಂಡು ಕುಳಿತಿದ್ದವು. ನಾನು ನಿದ್ದೆಗೂ ಎಚ್ಚರಕ್ಕೂ ನಡುವೆ, ಡ್ರಮ್ಮನ್ನು ಇನ್ನಷ್ಟು ದೊಡ್ಡದು ಮಾಡುವುದು ಹೇಗೆಂದು ಲೆಕ್ಕ ಹಾಕುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ಅತ್ತೆ ಸೊಸೆಯ ಮಾತು ತುಳುವಿನಲ್ಲಿ ಕೇಳಿಬಂತು. ನಾನು ಹೊರಗಿರುವುದನ್ನು ಅವರು ಮರೆತಿದ್ದರು.

“ಆ ಮಿಷನ್ ಒಂದು ನಿಮಿಷದಲ್ಲಿ ಪುಕ್ಕ ತೆಗೀತದೆ ಅಂತ ಇಟ್ಟುಕೊಳ್ಳಿ ಅತ್ತೆ,” ಎನ್ನುತ್ತಿದ್ದರು ಅಕ್ಕ. “ಅದರೊಳಗೆ ಹಾಕುವವರು ಯಾರು, ತೆಗೆಯುವವರು ಯಾರು? ಒದ್ದೆಯಾದ ಮೇಲೆ ಅದು ಹನ್ನೆರಡು ಕಿಲೋ. ಹತ್ತು ಹಕ್ಕಿ, ಒಂದೊಂದನ್ನು ಐದು ಸಲ ಬಗ್ಗಿ ಎತ್ತಬೇಕು.”

“ಪುಕ್ಕಕ್ಕೆ ಎಂತ, ಮಾತಾಡ್ತಾ ಮಾತಾಡ್ತಾ ತೆಗೀಬಹುದು.”

“ನನಗೆ ಅಂಗಡಿಯಲ್ಲಿ ಸೊಂಟ ಹೋದದ್ದು ಪುಕ್ಕ ತೆಗೆದಾ? ಎತ್ತಿ ಎತ್ತಿ.”

ಆನೆ ಬೇಕು ಎಂದಿದ್ದರು ಅವರು, ಮೊದಲ ದಿನವೇ.

ನಾನು ಎದ್ದು ಒಳಗೆ ಹೋದೆ. ನನ್ನ ಮನೆಮಾತು ಕೂಡ ತುಳುವೇ. ಹಕ್ಕಿಯನ್ನು ಎತ್ತುವುದೇ ಕಷ್ಟವೆಂದು ಸಭೆಯಲ್ಲಿ ಏಕೆ ಹೇಳಲಿಲ್ಲ ಎಂದು ಈಗ ಮೊದಲ ಸಲ ಅವರೊಡನೆ ತುಳುವಿನಲ್ಲಿ ಕೇಳಿದೆ. ಅಕ್ಕ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು.

“ನಿಮಗೆ ತುಳು ಬರ್ತದಾ ಮಾರಾಯ್ರೆ? ಸಭೆಯಲ್ಲಿ ನೀವು ಕನ್ನಡದಲ್ಲಿ ಕೇಳಿದ್ರಿ. ಶಾಲೆಯಲ್ಲಿ ಕೇಳಿದ ಹಾಗೆ. ಹಾಗೆ ಕೇಳಿದರೆ ಎದ್ದು ನಿಂತು ಸರಿಯುತ್ತರ ಹೇಳುದು. ಮೊದಲಿನವಳು ಪುಕ್ಕ ಅಂದಳು, ನಾವೆಲ್ಲ ಪುಕ್ಕ ಅಂದೆವು.”

“ಸೊಂಟನೋವು?”

“ಕನ್ನಡದಲ್ಲಿ ಸೊಂಟನೋವು ಹೇಳುದು ಡಾಕ್ಟರ ಹತ್ತಿರ ಮಾತ್ರ,” ಎಂದರು ಅತ್ತೆಯವರು.

ಗೌರವ ಕೊಡಲೆಂದೇ ನಾನು ಸಭೆಯ ಭಾಷೆ ಆರಿಸಿದ್ದೆ. ನಮ್ಮ ಕಡೆ ಕನ್ನಡವೆಂದರೆ ಬ್ಯಾಂಕಿನ, ಬಸ್ಸಿನ ಫಲಕದ, ಅರ್ಜಿಯ ಭಾಷೆ. ಅದರಲ್ಲಿ ಕೇಳಿದ ಪ್ರಶ್ನೆಗೆ ಅರ್ಜಿಯಂಥ ಉತ್ತರವೇ ಬರುತ್ತದೆ. ಮೈಯ ನೋವು ಮನೆಮಾತಿನಲ್ಲಿ ಉಳಿದುಬಿಡುತ್ತದೆ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಅಂದು ಪುಸ್ತಕದಲ್ಲಿ ಬರೆದ ತಪ್ಪು ಯಾವ ಅಂಗಡಿಯದ್ದೂ ಅಲ್ಲ, ನನ್ನದು.

ಬಾವಿಯ ರಾಟೆ ಗಾಳಿಗೆ ಒಂದು ಸಲ ಕಿರುಗುಟ್ಟಿತು. ಪಂಪು ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ನಾವು ಮೂವರೂ ಒಟ್ಟಿಗೆ ಅತ್ತ ನೋಡಿದೆವು ಎಂದು ನನ್ನ ನೆನಪು; ಮೊದಲು ಬಾಯಿಬಿಟ್ಟವರು ಅತ್ತೆಯವರು.

“ನಲುವತ್ತು ವರ್ಷ ಕೊಡಪಾನ ಎತ್ತಿದ್ದೇನೆ ಇದರಲ್ಲಿ. ಸೊಂಟ ಬಗ್ಗಲಿಲ್ಲ.”

ಅವರೇ ನನ್ನನ್ನು ದನದ ಹಟ್ಟಿಯ ಹಿಂದಕ್ಕೆ ಕರೆದೊಯ್ದರು. ಅಲ್ಲಿ ಭತ್ತ ಬೇಯಿಸುವ ತಾಮ್ರದ ಕೊಪ್ಪರಿಗೆ ಬೋರಲಾಗಿ ಬಿದ್ದಿತ್ತು. ಕುಚ್ಚಲಕ್ಕಿ ಈಗ ಮಿಲ್ಲಿನಿಂದ ಬರುವುದರಿಂದ ಅದರ ಮೇಲೆ ಕೋಳಿಗಳು ಮಲಗುತ್ತಿದ್ದವು. ಮಗುಚಿ ನಿಲ್ಲಿಸಿದರೆ ಬಾಯಿ ಎರಡೂವರೆ ಅಡಿ. ಟರ್ಕಿ ರೆಕ್ಕೆ ಬಿಚ್ಚಿ ಮೀಯುವಷ್ಟು ಅಗಲ.

ಸಂಜೆ ಸಂಸ್ಥೆಯ ಮುಖ್ಯಸ್ಥರಿಗೆ ಫೋನು ಮಾಡಿ, ಡ್ರಮ್ಮಿನ ಯಂತ್ರವನ್ನು ಕೈಬಿಡುತ್ತಿದ್ದೇನೆ ಎಂದೆ. ಮುಂದಿನ ತಿಂಗಳು ಬರಲಿರುವ ಅತಿಥಿಗಳಿಗೆ ತೋರಿಸಲು ಅವರು ಆ ಯಂತ್ರವನ್ನು ಕಾಯುತ್ತಿದ್ದರು.

“ಅದರ ಬದಲು ಎಂತ ತೋರಿಸುದು?”

“ಬಾವಿಯ ರಾಟೆ. ಭತ್ತದ ಕೊಪ್ಪರಿಗೆ. ಒಂದು ಆಲಿಕೆ.”

“ಅದು ಯಾವುದೂ ನಾವು ಕಂಡುಹಿಡಿದದ್ದಲ್ಲವಲ್ಲ.”

“ಅಲ್ಲ ಸರ್,” ಎಂದೆ. ಹಕ್ಕಿಗಳು ಹತ್ತೇ ಉಳಿದಿವೆ, ನನ್ನ ಮಾತು ನಂಬಿ ಕೆಲಸ ಬಿಟ್ಟವರು ಒಬ್ಬರಿದ್ದಾರೆ ಎಂದು ಹೇಳಿದೆ. ಕೊನೆಗೆ ಅವರು, ಮಾಡಿ, ಎಂದರು, ಮೆಚ್ಚಿ ಹೇಳಿದ್ದಲ್ಲ.

ಎರಡು ತೆಂಗಿನ ಮರಗಳ ನಡುವೆ ಕಬ್ಬಿಣದ ಪೈಪು ಕಟ್ಟಿದೆವು. ಕಾರ್ಕಳದ ವೃದ್ಧರು ಖುದ್ದಾಗಿ ಬಂದು, ಬಾವಿಯಿಂದ ಬಿಚ್ಚಿ ತಂದ ರಾಟೆ ಆ ಪೈಪಿನ ಮೇಲೆ ಜಾರುವಂತೆ ಒಂದು ಬಳೆಯನ್ನೂ, ಹಕ್ಕಿಯ ಎರಡು ಕಾಲನ್ನು ಹಿಡಿಯುವ ಕೊಕ್ಕೆಯನ್ನೂ ಮಾಡಿಕೊಟ್ಟರು. ಆಲಿಕೆ ಒಂದು ತುದಿಗೆ, ಕೊಪ್ಪರಿಗೆಯ ಒಲೆ ನಡುವೆ, ಪುಕ್ಕ ತೆಗೆಯುವ ಜಾಗ ಇನ್ನೊಂದು ತುದಿಗೆ. ಹಗ್ಗಕ್ಕೆ ಎರಡು ಗಂಟು: ಮೊದಲನೆಯದಕ್ಕೆ ಬಿಟ್ಟರೆ ಹಕ್ಕಿ ಪೂರ್ತಿ ನೀರಿನೊಳಗೆ, ಆದರೆ ತಳಕ್ಕೆ ತಾಗುವುದಿಲ್ಲ, ಎರಡನೆಯದಕ್ಕೆ ಎಳೆದರೆ ಅಕ್ಕನ ಎದೆಯ ಮಟ್ಟಕ್ಕೆ ನಿಲ್ಲುತ್ತದೆ. ರಕ್ತ ಮತ್ತು ಕೊಳೆನೀರು ಗದ್ದೆಬದಿಯ ತೋಡಿನ ನೀರಿಗೆ ಸೇರದಂತೆ ಬಾಳೆಬುಡದ ಆಚೆ ಗುಂಡಿ ತೋಡಿದೆವು. ಮನೆಯಲ್ಲಿ ಆಹಾರ ತಯಾರಿಸಿ ಮಾರುವವರಿಗಿರುವ ನೋಂದಣಿಯನ್ನೂ ಅಕ್ಕನ ಹೆಸರಿನಲ್ಲೇ, ಗಂಡನ ಹೆಸರಿನಲ್ಲಲ್ಲ, ಮಾಡಿಸಿದೆ. ಪರೀಕ್ಷೆಗೆ ಹಕ್ಕಿಯಿಲ್ಲದ್ದರಿಂದ ಮರಳು ತುಂಬಿದ ಗೋಣಿಯನ್ನು ಕಟ್ಟಿ ಮೂರು ದಿನ ಅಭ್ಯಾಸ ಮಾಡಿದೆವು. ಗೋಣಿ ಮೇಲೇರುತ್ತಿತ್ತು, ಮೀಯುತ್ತಿತ್ತು, ಹನಿಯುತ್ತಾ ಗಾಳಿಯಲ್ಲಿ ತೂಗುತ್ತಿತ್ತು. ಟರ್ಕಿಗಳು ದೂರದಿಂದ ನೋಡುತ್ತಿದ್ದವು. ನನಗೆ ಅವುಗಳ ಮುಖ ನೋಡಲಾಗುತ್ತಿರಲಿಲ್ಲ. ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಮದುವೆಯ ಹಿಂದಿನ ದಿನ ಬೆಳಕು ಹರಿಯುವಾಗಲೇ ಒಲೆಗೆ ತೆಂಗಿನ ಸಿಪ್ಪೆ ಹಾಕಿದರು. ಮಂಜು ಗದ್ದೆಯಿಂದ ಅಂಗಳಕ್ಕೆ ಬಂದು ಹೊಗೆಯೊಡನೆ ಬೆರೆಯಿತು. ಎರ್ಮಾಳಿನಿಂದ, ಮೀನು ಮಾರುವ ಅಕ್ಕನ ಗೆಳತಿ ಹೊಸ ಐಸ್ ಪೆಟ್ಟಿಗೆಯ ತುಂಬ ಪುಡಿಮಾಡಿದ ಐಸು ತಂದಿದ್ದರು. ಶುಚಿಯಾದ ಹಕ್ಕಿ ಕೂಡಲೇ ತಣ್ಣಗಾಗಬೇಕು.

“ನಮ್ಮ ಹಳೇ ಪೆಟ್ಟಿಗೆ ತಂದಿದ್ದರೆ ಮದುಮಗಳಿಗೆ ಬಂಗುಡೆ ಪರಿಮಳದ ಟರ್ಕಿ,” ಎಂದರು ಗೆಳತಿ, ಸೀರೆ ಎತ್ತಿ ಸಿಕ್ಕಿಸಿಕೊಳ್ಳುತ್ತಾ. “ಇದಕ್ಕೆ ಕಿವಿರು ಎಲ್ಲಿ ಉಂಟು?”

ಮೊದಲ ಹಕ್ಕಿಯನ್ನು ಅಕ್ಕ ಆಲಿಕೆಗೆ ಇಳಿಸಿದರು. ತಲೆಕೆಳಗಾದೊಡನೆ ಅದು ಸುಮ್ಮನಾಯಿತು. ಕಣ್ಣಿನ ಮೇಲೆ ತೆಳುವಾದ ರೆಪ್ಪೆ ಒಮ್ಮೆ ಮುಚ್ಚಿ ತೆರೆಯಿತು. ಅಕ್ಕ ಅದರ ತಲೆಯನ್ನು ಎಡಗೈಯಲ್ಲಿ ಹಿಡಿದು, ಏನೋ ಹೇಳಿ, ಒಂದೇ ಸಲ ಕೊಯ್ದರು. ಅವರು ಏನು ಹೇಳಿದರೆಂದು ನಾನು ಕೇಳಲಿಲ್ಲ. ಕಾದೆವು. ಪೂರ್ತಿ ನಿಶ್ಚಲವಾದ ಮೇಲೆ ಕೊಕ್ಕೆ ಹಾಕಿ ಎಳೆದರು. ರಾಟೆ ಕಿರುಗುಟ್ಟುತ್ತಾ ಹಕ್ಕಿಯನ್ನು ಮಂಜಿನಲ್ಲಿ ತೇಲಿಸಿಕೊಂಡು ಕೊಪ್ಪರಿಗೆಯ ಮೇಲಕ್ಕೆ ತಂದಿತು.

ಥರ್ಮಾಮೀಟರು ಅರುವತ್ತಮೂರು ತೋರಿಸುತ್ತಿತ್ತು. “ಇಳಿಸಿ,” ಎಂದೆ.

“ನಿಲ್ಲಿ,” ಎಂದರು ಅತ್ತೆಯವರು.

ಅವರು ತೆಂಗಿನ ಮಡಲಿನ ಬುಡದ ಅಗಲವಾದ ದಂಟನ್ನು ಕೊಪ್ಪರಿಗೆಗೆ ಇಳಿಸಿ, ಭತ್ತ ಮಗುಚುವ ಹಾಗೆ, ತಳದಿಂದ ಮೂರು ಸುತ್ತು ತಿರುಗಿಸಿದರು. ನನ್ನ ಕಣ್ಣೆದುರಿಗೇ ಮುಳ್ಳು ಏರಿತು: ಅರುವತ್ತೇಳು, ಎಪ್ಪತ್ತು, ಎಪ್ಪತ್ತೊಂದು. ಎರಡನೆಯ ಪರೀಕ್ಷೆಯಲ್ಲಿ ಎದೆಯ ಚರ್ಮ ಏಕೆ ಹರಿಯಿತೆಂದು ಆಗ ತಿಳಿಯಿತು. ಮೇಲಿನ ನೀರು ಹದವಾಗಿತ್ತು, ಎದೆ ಇದ್ದದ್ದು ತಳದಲ್ಲಿ.

“ನಿಮ್ಮ ಮೀಟರು ಮೇಲಿನ ನೀರನ್ನು ಮಾತ್ರ ಕೇಳ್ತದೆ ಮೇಡಂ. ಅಡಿಯಲ್ಲಿರುವವರನ್ನೂ ಕೇಳಬೇಕಲ್ವಾ,” ಎಂದು ಅವರು ಎರಡು ಕೊಡ ತಣ್ಣೀರು ಸುರಿದು ಮತ್ತೆ ತಿರುಗಿಸಿದರು. ಬೆರಳನ್ನು ಅದ್ದಿ ತೆಗೆದರು, ಇನ್ನೊಮ್ಮೆ ಅದ್ದಿ ತೆಗೆದರು. ಈ ಸಲ ನಾನು ತಡೆಯಲಿಲ್ಲ. “ಈಗ ನೋಡಿ.”

ಅರುವತ್ತೆರಡು.

ನೀರಿಗೆ ಅಂಟುವಾಳದ ನೊರೆ ಹಾಕಿದ್ದರು. ಟರ್ಕಿಯ ಪುಕ್ಕ ಎಣ್ಣೆಮೈಯದು, ನೊರೆಯಿಲ್ಲದೆ ನೀರು ಬುಡಕ್ಕೆ ಇಳಿಯುವುದಿಲ್ಲ. ಆಮೇಲೆ ಮೂರು ಸಲ ಬಾವಿನೀರಿನಲ್ಲಿ ತೊಳೆಯಬೇಕು. ಅಕ್ಕ ಹಗ್ಗವನ್ನು ಮೊದಲ ಗಂಟಿಗೆ ಬಿಟ್ಟರು. ಹಕ್ಕಿಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಾ ತೊಂಬತ್ತರವರೆಗೆ ಎಣಿಸಿದರು. ಎತ್ತಿ, ಬಾಲದ ಒಂದು ಪುಕ್ಕವನ್ನು ಎರಡು ಬೆರಳಿನಿಂದ ಹಿಡಿದರು.

ಅದು ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು.

ಅಲ್ಲಿಂದ ಮುಂದಿನ ಐದು ಗಂಟೆಗಳು ನನ್ನ ನೆನಪಿನಲ್ಲಿ ಬಿಡಿಬಿಡಿಯಾಗಿ ಇಲ್ಲ. ಮಂಜು ಏರಿತು, ಬಿಸಿಲು ಬಂತು, ರಾಟೆ ಕಿರುಗುಟ್ಟುತ್ತಿತ್ತು. ಮೂವರು ಹೆಂಗಸರು ನೇರವಾಗಿ ನಿಂತು, ಎದೆಮಟ್ಟದಲ್ಲಿ ತೂಗುವ ಹಕ್ಕಿಯ ಸುತ್ತ, ದಾರಂದಕ್ಕೆ ಮಾಲೆ ಕಟ್ಟುವವರಂತೆ ಕೈಯಾಡಿಸುತ್ತಿದ್ದರು. ಯಾರದ್ದೋ ಸೊಸೆಯ ವಿಷಯ, ಯಾರದ್ದೋ ದೋಣಿಯ ವಿಷಯ, ಎಲ್ಲವೂ ತುಳುವಿನಲ್ಲಿ. ನಾನು ಪ್ರತಿ ಹಕ್ಕಿಗೂ ನೀರು ತಿರುಗಿಸಿ ಮೀಟರು ಓದುವ ಕೆಲಸಕ್ಕಿದ್ದೆ. ಒಂದೊಂದಕ್ಕೆ ಸುಮಾರು ಇಪ್ಪತ್ತು ನಿಮಿಷ ಹಿಡಿಯಿತು. ಒಣಗರಿಯ ಸೂಟೆ ಹಚ್ಚಿ ಸಣ್ಣ ಕೂದಲನ್ನು ಸುಟ್ಟರು, ಕರುಳು ತೆಗೆದರು, ತೊಳೆದು, ನಮ್ಮ ಕಡೆಯ ಪದ್ಧತಿಯಂತೆ ಮೈಗೆಲ್ಲ ಅರಿಶಿನ ಸವರಿ ಐಸಿಗೆ ಇಳಿಸಿದರು. ಬಿಳಿ ಐಸಿನ ನಡುವೆ ಅವು ಹಳದಿಯಾಗಿ ಹೊಳೆಯುತ್ತಿದ್ದವು. ಪುಕ್ಕಗಳು ಅಂಗಳವಿಡೀ ತೇಲಿ, ದಾಸವಾಳದ ಗಿಡದ ಮೇಲೆ, ಅತ್ತೆಯವರ ತಲೆಯ ಮೇಲೆ, ನನ್ನ ತೆರೆದ ಪುಸ್ತಕದ ಮೇಲೆ ಕುಳಿತವು.

ಹನ್ನೊಂದೂವರೆಗೆ ಬಾಯಮ್ಮನ ವ್ಯಾನು ಬಂತು. ಅವರು ಕನ್ನಡಕ ಹಾಕಿಕೊಂಡು ಪ್ರತಿಯೊಂದು ಹಕ್ಕಿಯ ಎದೆಯನ್ನೂ ಹೆಬ್ಬೆರಳಿನಿಂದ ಒತ್ತಿ, ಮಗುಚಿ, ಬೆನ್ನು ನೋಡಿ, ರೆಕ್ಕೆಯ ಸಂದು ನೋಡಿದರು. ಹತ್ತನೆಯದನ್ನು ನೋಡಿ ಮುಗಿಸಿದ ಮೇಲೂ ಮತ್ತೊಮ್ಮೆ ಮೊದಲನೆಯದನ್ನು ಎತ್ತಿಸಿದರು.

“ಯಾವ ಮಿಷನಿನಲ್ಲಿ ಮಾಡಿದ್ದು ಇದು?”

“ಅತ್ತೆಯ ಮಿಷನಿನಲ್ಲಿ,” ಎಂದರು ಅಕ್ಕ.

“ಒಂದೂ ಹರಿದಿಲ್ಲ ಅಲ್ವಾ. ಕ್ರಿಸ್ಮಸ್ಸಿಗೂ ನಿನ್ನ ಹತ್ತಿರವೇ ಹೇಳಿದ್ದೇನೆ ಅಂತ ಇಟ್ಟುಕೋ.”

ವ್ಯಾನು ಹೋದ ಮೇಲೆ ಗೆಳತಿ ಖಾಲಿ ಹಲಸಿನ ಬುಡವನ್ನು ನೋಡಿ, “ಈಗ ಇಲ್ಲಿ ಯಾರೂ ಇಲ್ಲ,” ಎಂದರು. ಅಕ್ಕ ಆ ಜಾಗಕ್ಕೆ ಒಂದು ಚೆಂಬು ನೀರು ಹೊಯ್ದರು.

ಮದುವೆಯ ಮರುದಿನ ನಾನು ರಾಟೆಯ ಬಳೆಯ ಅಳತೆ ತೆಗೆದುಕೊಳ್ಳಲು ಹೋದೆ. ಉಚ್ಚಿಲದಿಂದ ಇಬ್ಬರು ಹೆಂಗಸರು ತಮಗೂ ಅಂಥದು ಬೇಕೆಂದಿದ್ದರು. ಅಂಗಡಿಯ ಯಜಮಾನರ ಫೋನು ಬಂದಾಗ ಅಕ್ಕ ಒಲೆಯ ಬೂದಿ ಎತ್ತುತ್ತಿದ್ದರು. ನಾನು ಮಾತಾಡಬೇಕೇ ಎಂಬಂತೆ ಕೈ ಮುಂದೆ ಚಾಚಿದೆ. ಅವರು ತಲೆಯಾಡಿಸಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡರು.

“ಇಲ್ಲ, ಬರುದಿಲ್ಲ. ಆ ಜಾಗ ಬೇರೆಯವರಿಗೆ ಕೊಡಿ. ಕೊಡುವ ಮೊದಲು ಅವರಿಗೆ ಒಂದು ರಾಟೆ ಹಾಕಿಸಿಕೊಡಿ. ಎಲ್ಲಿ ಸಿಗ್ತದೆ ಅಂತ ನಾನು ಹೇಳ್ತೇನೆ.” ಸ್ವಲ್ಪ ಹೊತ್ತು ಕೇಳಿಸಿಕೊಂಡರು. “ಏಪ್ರನ್ನಾ? ಅದು ವಾಪಸು ಕೊಡ್ಲಿಕ್ಕೆ ಆಗುದಿಲ್ಲ.”

ನಾನು ಬಚ್ಚಲುಮನೆಗೆ ಇಣುಕಿ ನೋಡಿದೆ. ಗಾಜಿನ ಹಂಚಿನ ಬೆಳಕು ಬರಿಯ ಮೊಳೆಯ ಮೇಲೆ ಬಿದ್ದಿತ್ತು. ಹೊರಗೆ, ಆಲಿಕೆಯ ಕೆಳಗಿನ ಮೂರು ಬದಿಗೆ, ರಕ್ತ ಸಿಡಿಯದಂತೆ, ನೀಲಿ ಪ್ಲಾಸ್ಟಿಕ್ಕಿನ ತುಂಡುಗಳನ್ನು ಅಚ್ಚುಕಟ್ಟಾಗಿ ಕತ್ತರಿಸಿ ಮೊಳೆ ಹೊಡೆದಿದ್ದರು. ಒಂದು ತುಂಡಿನಲ್ಲಿ ಏಪ್ರನ್ನಿನ ದಾರ ಇನ್ನೂ ಉಳಿದಿತ್ತು. ಅದು ಗಾಳಿಗೆ ಆಡುತ್ತಿತ್ತು.